ಮೂರು ಹಾವುಗಳಿಂದ ಕಚ್ಚಿಸಿಕೊಂಡ ಮನುಷ್ಯ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ದಾಂಡೇಲಿಯಲ್ಲಿ ನನಗೊಂದು ಕೆಲಸ ಸಿಕ್ಕಿತು. ಹಾವಿನ ವಿಷದ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಯೊಬ್ಬರಿಗೆ ಜೋಯಿಡಾ, ದಾಂಡೇಲಿ, ಹಳಿಯಾಳದ ದವಾಖಾನೆಗಳ ಕಂಪ್ಯೂಟರುಗಳಲ್ಲಿದ್ದ ಹಾವು ಕಡಿತದ ಮಾಹಿತಿಯೆಲ್ಲ ಒಂದೇ ಕಡೆ ಬೇಕಿತ್ತು. ಯಾವ ಹಾವು ಕಚ್ಚಿದರೆ ರಕ್ತ ಹೇಗೆ ಕೆಡುತ್ತದೆ ಎಂಬುದು ಆಮೇಲೆ ತಾನಾಗಿಯೇ ತಿಳಿಯುತ್ತದೆ ಎಂದಿದ್ದರು. ನಾನು ಬಸ್ಸಿನಲ್ಲಿ ಓಡಾಡಿ ಅದನ್ನೆಲ್ಲ ಫ್ಲಾಪಿಗಳಲ್ಲಿ ತುಂಬಿಸಿ ತಂದೆ. ಅವರು ತರಿಸಿದ ಸಾಫ್ಟ್‌ವೇರ್ ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಕೂಡಿಸಿಬಿಟ್ಟಿತು.

ಕೂಡಿಸಿದ್ದೇ ನಮ್ಮ ವಿಜ್ಞಾನಿಗಳಿಗೆ ರೋಮಾಂಚನ. ಸೂಪಾ ಹತ್ತಿರ ಒಂದೇ ವಾರದಲ್ಲಿ ಮೂವರಿಗೆ ಮೂರು ಬಗೆಯ ಹಾವು ಕಚ್ಚಿತ್ತು: ಘೋಣಸ, ವೈಪರ್, ಕೊಳಕುಮಂಡಲ. ಮೂರನೆಯವನು ಸತ್ತಿದ್ದ. "ಅವರ ಮನೆಯವರನ್ನು ಮಾತಾಡಿಸಲೇಬೇಕು" ಎಂದರು.

ವಿಳಾಸ ದಾಂಡೇಲಿಯ ಕಾಗದದ ಮಿಲ್ಲಿನ ಕೆಲಸಗಾರರ ಓಣಿಯದು. ನಾವಿಬ್ಬರೂ ಮುಖ ಸಪ್ಪೆ ಮಾಡಿಕೊಂಡು ಹೋದೆವು. ವಿಜ್ಞಾನಿಗಳು ಮೆಲ್ಲಗೆ, "ಹಾವು ಕಚ್ಚಿ ತೀರಿಕೊಂಡವರ ಮನೆ ಇದೇನಾ?" ಎಂದರು.

ಬಾಗಿಲಲ್ಲಿದ್ದ ಹೆಂಗಸು ಹೌಹಾರಿ ಒಳಗೆ ಕೂಗಿದಳು. "ಏನ್ರೀ, ಇಲ್ಲಿ ಬರ್ರಿ! ನೀವು ಸತ್ತೀರಂತ!"

ಮೈಮೇಲೆ ಟವೆಲ್ ಹೊದ್ದು ಗಂಡ ಹೊರಬಂದ. "ಕಚ್ಚಿದ್ದು ನನಗ ರೀ. ಜೋಯಿಡಾದಾಗ ಸೂಜಿ ಮಾಡಿ ದಾಂಡೇಲಿಗೆ ಕಳಿಸಿದ್ರು. ಅಲ್ಲಿಂದ ಹಳಿಯಾಳಕ್ಕ. ಅಲ್ಲೇ ಆರಾಮಾತು, ಹೇಳದ ಕೇಳದ ಎದ್ದು ಬಂದೆ."

"ಹಾಗಾದರೆ ಉಳಿದಿಬ್ಬರು?"

"ಅವರೂ ನಾನ ರೀ. ಹಾವೂ ಒಂದ. ಜೋಯಿಡಾದಾಗ ಮರಾಠಿಯೊಳಗ ಘೋಣಸ ಅಂದ್ರು, ನಮ್ಮ ಕಡೆ ಅದಕ್ಕ ಕೊಳಕುಮಂಡಲ ಅಂತಾರ. ಇಂಗ್ಲಿಷ್‌ದಾಗ ಏನಂತಾರೋ ನೀವ ಹೇಳ್ರಿ."

"ವೈಪರ್" ಎಂದು ವಿಜ್ಞಾನಿಗಳು ಗೊಣಗಿದರು. ಅವರ ಪರಿಚಯವಿದ್ದದ್ದು ಸೀಸೆಯೊಳಗಿನ ವಿಷದ ಜೊತೆ, ಹಾವಿನ ಊರುಕಡೆಯ ಹೆಸರುಗಳ ಜೊತೆಗಲ್ಲ. ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಹೆಂಗಸು ಚಹಾ ಕೊಟ್ಟಳು. "ಅಕ್ಕಾರ, ಆ ಕಂಪ್ಯೂಟರ್‌ದಾಗ ಇವರನ್ನ ಮೊದಲು ಜೀವಂತ ಮಾಡ್ರಿ, ಇಲ್ಲಂದ್ರ ನಮಗ ರೇಷನ್ ಬಂದ್ ಆದೀತು" ಎಂದಳು.

ದವಾಖಾನೆ ಬದಲಾದರೆ ಬೇರೆ ಮನುಷ್ಯನೆಂದೂ ಫಲಿತಾಂಶದ ಜಾಗ ಖಾಲಿಯಿದ್ದರೆ ಸತ್ತನೆಂದೂ ತಿಳಿಯುವುದು ಆ ಸಾಫ್ಟ್‌ವೇರಿನ ಅಭ್ಯಾಸವಾಗಿತ್ತು. ಮಾರನೇ ದಿನದಿಂದ ನಾನು ಒಬ್ಬೊಬ್ಬರನ್ನೇ ಹುಡುಕಿ ಬದುಕಿಸುತ್ತ, ಇಬ್ಬರು ಮೂವರಾಗಿದ್ದವರನ್ನು ಒಬ್ಬರಾಗಿಸುತ್ತ ಹೋದೆ. ಮಳೆಗಾಲ ಮುಗಿಯುವಷ್ಟರಲ್ಲಿ ಲೆಕ್ಕದಲ್ಲಿ ಕಡಿತಗಳೂ ಸಾವುಗಳೂ ಅರ್ಧಕ್ಕಿಳಿದವು.

ವಿಜ್ಞಾನಿಗಳು ವರದಿಯಲ್ಲಿ ಈ ಇಳಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಯೋಜನೆಯ ಜನಜಾಗೃತಿಯ ಫಲವೆಂದರು. ಯೋಜನೆಗೆ ಹಣ ಕೊಡುವವರು ಮೆಚ್ಚಿ, ಮುಂಡಗೋಡ ತಾಲೂಕನ್ನೂ ಸೇರಿಸಿಕೊಳ್ಳಿ ಎಂದರು. ನಾನು ಮತ್ತೆ ಬಸ್ಸು ಹತ್ತಿದೆ.