ಶಿವಕುಮಾರಿ ತೆಗೆದ ಸಲಕರಣೆ

ರುದ್ರವ್ವ ವಿಲೆ ಪಾರ್ಲೆಯ ಬಿಲ್ಡಿಂಗುಗಳಲ್ಲಿ ಮನೆಗೆಲಸ ಮಾಡುತ್ತಾಳೆ. ಕಸಬರಿಗೆ, ನೆಲ ಒರೆಸುವ ಅರಿವೆ, ನೀರಿನ ಬಾಟಲಿ ಎಲ್ಲವನ್ನೂ ತನ್ನ ಚೀಲದಲ್ಲೇ ಒಯ್ಯುತ್ತಾಳೆ, ಕೆಲಸ ಮುಗಿದ ಮೇಲೆ ವಾಪಸು ತರುತ್ತಾಳೆ. ಯಾವ ಮನೆಯವರೂ ಹಾಗೆ ಮಾಡು ಎಂದಿಲ್ಲ. “ನಮ್ಮ ಸಾಮಾನು ಅವರ ಮನ್ಯಾಗ ಉಳೀತಂದ್ರ, ನಾಳೆ ಅವರ ಸಾಮಾನು ನಮ್ಮ ಮನ್ಯಾಗ ಐತಿ ಅಂತಾರ” ಎಂಬುದು ಅವಳ ಅನುಭವ. ಇಂಡಿ ತಾಲೂಕಿನಿಂದ ಮುಂಬೈಗೆ ಬಂದ ಮೇಲೆ ಮಗಳಿಗೆ ಅವಳು ಕಲಿಸಿದ ಮೊದಲ ಪಾಠವೂ ಇದೇ.

ಮಗಳು ಶಿವಕುಮಾರಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಅಂಧೇರಿಯ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹೋಟೆಲು, ಕಾಲೇಜು, ಅಂಗಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿ ಅದು. ಮಾಲೀಕ ಪ್ರಶಾಂತ ಧಾರವಾಡ ಕಡೆಯವನು. ಬಹಳ ಕಾಲ ಶಿವಕುಮಾರಿ ಆಫೀಸಿನಲ್ಲೇ ಕುಳಿತು ಫೋನಿನಲ್ಲಿ ದೂರು ಕೇಳುತ್ತಿದ್ದಳು. ಹೊರಗಿನ ಕೆಲಸಕ್ಕೆ ಹೋದರೂ ಯಾರದಾದರೂ ಬೆನ್ನ ಹಿಂದೆ ಹೋಗಬೇಕಿತ್ತು. ತನ್ನನ್ನು ಒಬ್ಬಳನ್ನೇ ಕಳಿಸಬೇಕೆಂದು ಅವಳು ಪ್ರಶಾಂತನನ್ನು ಕೇಳುತ್ತಲೇ ಇದ್ದಳು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಒಪ್ಪಿದ.

“ಸಾಂತಾಕ್ರೂಜ್ ಹೋಟೆಲಿಗೆ ನೀ ಒಬ್ಬಾಕಿನ ಹೋಗು. ಚಲೋ ಆತಂದ್ರ ಇನ್ ಮ್ಯಾಲ ಹೊರಗಿನ ಕೆಲಸ ನಿಂದ. ಇಲ್ಲಂದ್ರ ಫೋನ್ ಐತಲ್ಲ, ಅದೆಲ್ಲಿಗೂ ಓಡಿ ಹೋಗಂಗಿಲ್ಲ.”

ಹೋಟೆಲು ಸಾಂತಾಕ್ರೂಜ್ ಪೂರ್ವದಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿತ್ತು. ಅಲ್ಲಿನ ಮ್ಯಾನೇಜರ್ ಧನರಾಜ್ ಉಡುಪಿ ಕಡೆಯವರು. ಅವರ ದೂರು ಇಷ್ಟೇ: ರೂಮು ಬುಕ್ ಮಾಡುವ ಜಾಲತಾಣ ಗಿರಾಕಿಗಳ ಮೊಬೈಲಿನಲ್ಲಿ ತೆರೆಯುತ್ತದೆ, ಹೋಟೆಲಿನ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವುದಿಲ್ಲ.

“ಊರಿಗೆಲ್ಲ ನಮ್ಮ ಹೋಟೆಲು ಕಾಣ್ತದೆ, ನಮಗೇ ಕಾಣುದಿಲ್ಲ. ಇದೆಂತ ಅವಸ್ಥೆ ಮಾರಾಯ್ತಿ?” ಎಂದರು.

ಪ್ರತಿ ಜಾಲತಾಣದ ಹೆಸರಿನ ಹಿಂದೆ ಅಂಕಿಗಳ ಒಂದು ವಿಳಾಸ ಇರುತ್ತದೆ. ಚಾಳಿನಲ್ಲಿ ಹೆಸರು ಹೇಳಿದರೆ ಯಾರಾದರೂ ಖೋಲಿ ನಂಬರ್ ತೋರಿಸುವಂತೆ, ಹೆಸರು ಕೊಟ್ಟರೆ ಈ ವಿಳಾಸವನ್ನು ಹುಡುಕಿ ಹೇಳುವ ಪುಟ್ಟ ಸಲಕರಣೆಗಳಿವೆ. ಶಿವಕುಮಾರಿ ಯಾವ ಕಚೇರಿಗೆ ಹೋದರೂ ಮೊದಲು ಅಲ್ಲಿನ ಮುಖ್ಯ ಕಂಪ್ಯೂಟರಿಗೆ ಅವುಗಳನ್ನು ಹಾಕಿಕೊಳ್ಳುತ್ತಿದ್ದಳು. ಕೆಲಸ ಮುಗಿದ ಕೂಡಲೇ ತೆಗೆದು ಬರುತ್ತಿದ್ದಳು. ಕಂಪನಿಯ ಉಳಿದವರು ಹಾಗೇ ಬಿಟ್ಟು ಬರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ತನ್ನದೊಂದು ವಸ್ತು ಬೇರೆಯವರಲ್ಲಿ ಉಳಿದರೆ ಅವಳಿಗೆ ಸಮಾಧಾನವಿರಲಿಲ್ಲ.

ಅಂದೂ ಸಲಕರಣೆ ಹಾಕುವ ಆದೇಶ ಟೈಪ್ ಮಾಡಿದಳು. ಪರದೆಯ ಮೇಲೆ ಒಂದಷ್ಟು ಸಾಲು ಓಡಿದವು. ಅವುಗಳಲ್ಲಿ ಒಂದು, ಈ ಸಲಕರಣೆ ಇಲ್ಲಿ ಮೊದಲೇ ಇದೆ, ಹೊಸದಾಗಿ ಹಾಕುವುದೇನೂ ಇಲ್ಲ ಎಂದು ಹೇಳುತ್ತಿತ್ತು. ಅದನ್ನು ಓದದೆಯೇ ಅವಳು ಹೋಟೆಲಿನ ಹೆಸರು ಕೊಟ್ಟು ವಿಳಾಸ ಕೇಳಿದಳು. ಬಂದದ್ದು ಹಳೆಯ ವಿಳಾಸ. ಜಾಲತಾಣ ಬೇರೆ ಕಡೆಗೆ ಹೋಗಿದ್ದರೂ ಹೋಟೆಲಿನ ಕಂಪ್ಯೂಟರ್ ಹಿಂದಿನದನ್ನೇ ಹಿಡಿದುಕೊಂಡಿತ್ತು. ಅವಳು ಅದನ್ನು ತಿದ್ದಿದಳು. ರಿಸೆಪ್ಶನ್‌ನಲ್ಲಿ ಬುಕಿಂಗ್ ಪುಟ ತೆರೆಯಿತು. ಧನರಾಜ್ ಕಾಫಿ ತರಿಸಿದರು.

ಹೊರಡುವ ಮೊದಲು ಅವಳು ಸಲಕರಣೆ ತೆಗೆಯಲು ಹೇಳಿದಳು. ಇದರ ಜೊತೆ ಇಂಥಿಂಥವೂ ಹೋಗುತ್ತವೆ, ಸರಿಯೇ ಎಂದು ಕಂಪ್ಯೂಟರ್ ಕೇಳಿತು. ತಾನು ಹಾಕಿದ್ದರ ಜೊತೆ ಬಂದವು ತಾನೇ ಎಂದುಕೊಂಡು ಅವಳು ಸರಿ ಎಂದು ಒತ್ತಿದಳು.

ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಿರುವಾಗ ಧನರಾಜ್ ಅವರ ಫೋನ್ ಬಂತು. ಪಾಳಿ ಬದಲಾಗಿದೆ, ಹೊಸದಾಗಿ ಬಂದ ಯಾರಿಗೂ ಕಂಪ್ಯೂಟರಿನಲ್ಲಿ ಲಾಗಿನ್ ಆಗುತ್ತಿಲ್ಲ.

“ಹೋಟೆಲು ಕಟ್ಟುವಾಗಿಂದ ಇದ್ದವ ನಾನು. ನನ್ನದೇ ಗುರುತು ಹಿಡಿಯುದಿಲ್ಲ ಅದು. ಎದುರು ವಿಮಾನದ ಸಿಬ್ಬಂದಿ ಚೀಲ ಹಿಡಿದು ನಿಂತಿದ್ದಾರೆ. ಪಾಸ್‌ವರ್ಡಿನ ಅವಧಿ ಏನಾದ್ರೂ ಮುಗಿದಿರ್ಬಹುದಾ?”

ಮುಗಿದಿರಬಹುದು ಎಂದಿದ್ದರೆ ಅವರು ನಂಬುತ್ತಿದ್ದರು. ಇಲ್ಲಂದ್ರ ಫೋನ್ ಐತಲ್ಲ ಎಂದಿದ್ದ ಪ್ರಶಾಂತನ ಮಾತು ಅವಳಿಗೆ ನೆನಪಾಯಿತು. ಲೋಕಲ್ ಬಂತು, ಅವಳು ಹತ್ತದೆ ಹಿಂದೆ ಸರಿದಳು.

“ಪಾಸ್‌ವರ್ಡ್ ಅಲ್ಲರೀ. ನಾನ ಏನೋ ತಗದೀನಿ ಅನಸ್ತದ. ಬಂದೆ ಸರ್.”

ರಿಕ್ಷಾ ಹಿಡಿದು ಹೋದಳು. ಧನರಾಜ್ ಅಷ್ಟರಲ್ಲಿ ಕಾಗದದ ಮೇಲೆ ಹೆಸರು ಬರೆದುಕೊಂಡು ಬೀಗದ ಕೈ ಕೊಡುತ್ತಿದ್ದರು. ಮುಖ್ಯ ಕಂಪ್ಯೂಟರಿನ ಮುಂದೆ ಕುಳಿತು ಈ ಸಲ ಅವಳು ಎಲ್ಲ ಸಾಲುಗಳನ್ನೂ ಓದಿದಳು. ಸಲಕರಣೆ ಹೋಟೆಲಿನದೇ ಆಗಿತ್ತು. ಲಾಗಿನ್ ಮಾಡಿಸುವ ಪ್ರೋಗ್ರಾಮು ಅದನ್ನು ನೆಚ್ಚಿಕೊಂಡಿತ್ತು. ಇದನ್ನು ಎತ್ತಿದಾಗ ಅದೂ ಎದ್ದು ಹೋಗಿತ್ತು. ಮೊದಲೇ ಲಾಗಿನ್ ಆಗಿದ್ದವರ ಪಾಳಿ ಮುಗಿಯುವ ತನಕ ಅದು ಯಾರಿಗೂ ಗೊತ್ತಾಗಿರಲಿಲ್ಲ. ಹಿಂದೆ ತೆಗೆದದ್ದನ್ನೆಲ್ಲ ಮತ್ತೆ ಹಾಕುವ ಆದೇಶವೊಂದಿದೆ. ಅದನ್ನು ಕೊಟ್ಟು ಕಾದಳು. ಧನರಾಜ್ ತಮ್ಮ ಹೆಸರು ಹಾಕಿ ನೋಡಿದರು.

“ಹ್ಞಾಂ, ಈಗ ಗುರುತು ಸಿಕ್ಕಿತು ನೋಡಿ” ಎಂದು ಸರತಿಯಲ್ಲಿದ್ದವರ ಕಡೆ ತಿರುಗಿದರು.

ಆಫೀಸಿಗೆ ಹೋಗಿ ಅವಳು ನಡೆದದ್ದನ್ನೆಲ್ಲ ಪ್ರಶಾಂತನಿಗೆ ಹೇಳಿದಳು. ಅವನು ಬೈಯಲಿಲ್ಲ. ಫೋನನ್ನು ಅವಳ ಮೇಜಿನ ಕಡೆ ಸರಿಸಿದ, ಅಷ್ಟೇ. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ರುದ್ರವ್ವ ಕೇಳಿ ನಕ್ಕಳು.

“ನಮ್ಮ ಕಸಬರಗಿ ತಗೊಂಡ್ ಬಾ ಅಂದಿದ್ದೆ ಮಗಳ, ಅವರದನ್ನ ಕಿತ್ಕೊಂಡ್ ಬಾ ಅಂದಿದ್ದಿಲ್ಲ.”

“ನಗಬ್ಯಾಡ ಯವ್ವಾ. ಮತ್ತ ಫೋನಿನ ಮುಂದ ಕುಂತೀನಿ.”

ಹಾಗೆ ಕುಳಿತು ಕೆಲವು ವಾರ ಕಳೆದವು. ದೀಪಾವಳಿ ಹತ್ತಿರ ಬಂದಾಗ ಧನರಾಜ್ ಅವರ ಹೋಟೆಲಿನಲ್ಲಿ ಮತ್ತೇನೋ ಕೆಟ್ಟಿತು. ಫೋನ್ ಎತ್ತಿದವಳು ಶಿವಕುಮಾರಿಯೇ. ಅವರು ಮಾಲೀಕರಿಗೆ ಕೊಡು ಎಂದರು. ಅವಳು ಸ್ಪೀಕರ್ ಹಾಕಿ ಪ್ರಶಾಂತನ ಮುಂದೆ ಇಟ್ಟಳು.

“ಆ ಹುಡುಗಿಯನ್ನೇ ಕಳಿಸಿ” ಎಂದರು ಧನರಾಜ್.

“ಹೋದ ಸಲ ಆಕಿನ ಕೆಡಿಸಿದ್ಳಲ್ರೀ?”

“ಕೆಡಿಸಿದ್ರೆ ಕೆಡಿಸಿದೆ ಅಂತ ಹೇಳ್ತಾಳೆ. ನಿಮ್ಮ ಉಳಿದವರು ಕೆಡಿಸಿ ಕರೆಂಟಿನವರ ಮೇಲೆ ಹಾಕ್ತಾರೆ.”

ಪ್ರಶಾಂತ ಫೋನ್ ಇಟ್ಟು ಶಿವಕುಮಾರಿಯ ಕಡೆ ತಿರುಗಿದ. “ಹೋಗು. ಆದ್ರ ಪಾಳಿ ಬದಲಾಗಿ ಎಲ್ಲಾರೂ ಲಾಗಿನ್ ಆಗೂ ತನಕ ಅಲ್ಲಿಂದ ಏಳಬ್ಯಾಡ.”

ಈಗ ಹೊರಗಿನ ಕೆಲಸಗಳಿಗೆ ಅವಳೇ ಹೋಗುತ್ತಾಳೆ. ಸಲಕರಣೆ ಮೊದಲೇ ಇದ್ದ ಕಡೆ ಅದನ್ನು ಬಳಸಿ, ಇದ್ದಲ್ಲೇ ಬಿಟ್ಟು ಬರುತ್ತಾಳೆ. ತಾನು ಹಾಕಿದ್ದನ್ನು ಮಾತ್ರ ತೆಗೆಯುತ್ತಾಳೆ. ಹೋಟೆಲಾದರೆ, ತೆಗೆದ ಮೇಲೂ ಪಾಳಿ ಬದಲಾಗುವವರೆಗೆ ರಿಸೆಪ್ಶನ್‌ನ ಸೋಫಾದ ಮೇಲೆ ಕುಳಿತಿರುತ್ತಾಳೆ. ಹೊಸ ಪಾಳಿಗೆ ಬಂದವರು, ಇವಳು ಯಾವ ಗಿರಾಕಿ ಎಂದು ನೋಡುತ್ತಾರೆ.