ಗವಿಯ ಗುರುತು ಕೇಳಿದ್ದು ನಾನು

ಗಣಪಣ್ಣ, ಆ ದಿನ ಫೋನಿನಲ್ಲಿ ಮಾತಾಡಿದ್ದು ಸರ್ ಅಲ್ಲ. ನಾನು.

ನಾಲ್ಕು ವರ್ಷದಿಂದ ಈ ಮಾತನ್ನು ಬಾಯಲ್ಲಿಟ್ಟುಕೊಂಡೇ ತಿರುಗಿದ್ದೇನೆ. ಇಸಳೂರು ಬಸ್ಸಿನ ಕಂಡಕ್ಟರು, ನಮ್ಮ ಹೆಡ್ ಮಾಸ್ತರು, ಸ್ವಂತ ಅಪ್ಪ — ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಲ್ಲಿ ನಾನೇ ತೊದಲಿದ್ದನ್ನೂ ಮಾಡಿ ತೋರಿಸಿ ನಗಿಸಿದ್ದೇನೆ. ಈ ಒಂದನ್ನು ಮಾತ್ರ ಯಾರ ದನಿಯಲ್ಲೂ ಹೇಳಲಾಗಲಿಲ್ಲ.

ಕರಡಿಗಳ ಅಧ್ಯಯನಕ್ಕೆಂದು ಸರ್ ಕೈಕೆಳಗೆ ನಾನು ಸೇರಿದ ಮೊದಲ ವರ್ಷ. ಯಲ್ಲಾಪುರದ ಕಾಡಿನಲ್ಲಿ ದಾರಿ ತೋರಿಸುವ ನೀವು ಮುಂದೆ, ಕ್ಯಾಮೆರಾ ಚೀಲ ಹೊತ್ತ ನಾನು ಹಿಂದೆ. ಒಣಗಿದ ಹಿಕ್ಕೆ ಒಡೆದು, ಒಳಗಿನ ಬೀಜ ನೋಡಿ, ಕರಡಿ ಯಾವ ಕಡೆ ಮೇದು ಬಂತೆಂದು ಹೇಳುತ್ತಿದ್ದಿರಿ. ಮರಿ ಹಾಕಿದ ಗವಿ ಸಿಕ್ಕರೆ ಮಾತ್ರ ನನ್ನನ್ನೂ ದೂರವೇ ನಿಲ್ಲಿಸುತ್ತಿದ್ದಿರಿ. ಅದರ ಗುರುತನ್ನು ಎಲ್ಲೂ ಬರೆಯುವ ಹಾಗಿಲ್ಲ, ಸರ್‌ಗೊಬ್ಬರಿಗೆ ಬಾಯಲ್ಲೇ ಹೇಳಬೇಕು — ನೀವಿಬ್ಬರೂ ಮಾಡಿಕೊಂಡ ಕಟ್ಟುಪಾಡು. ನನ್ನನ್ನು ಹೊರಗಿಟ್ಟದ್ದೇ ನನಗೆ ಚುಚ್ಚಿತೋ... ಇಲ್ಲ, ಅದೂ ನೆಪವೇ. ಗೆಳೆಯರ ಮುಂದೆ ಮೆರೆಯಬೇಕಿತ್ತು, ಅಷ್ಟೇ.

ಶಿರಸಿ ಬಸ್‌ಸ್ಟ್ಯಾಂಡ್ ಪಕ್ಕದ ಚಾ ಅಂಗಡಿ. ಗೆಳೆಯನೊಬ್ಬನ ಫೋನಿನಿಂದ ಸ್ಪೀಕರ್ ಹಾಕಿ ನಿಮಗೆ ಫೋನ್ ಮಾಡಿದೆ. ಧಾರವಾಡದ ನಮ್ಮ ಸರ್ ಹಾಗೆಯೇ ಗಂಟಲು ಕೆರೆದು, "ಗಣಪಣ್ಣಾರ, ಇದು ಬ್ಯಾರೆ ನಂಬರ್ರೀ. ಮರಿ ಗವಿ ಎಲ್ಲೈತಿ, ಹೇಳ್ರಲ್ಲ" ಅಂದೆ.

"ನಿಮಗೊಬ್ರಿಗೇ ಹೇಳ್ತೆ ಸರ್" ಅಂದಿರಿ. ಹೇಳಿದಿರಿ — ಹಳ್ಳ, ಸೀಳಿದ ಬಂಡೆ, ಅದರ ನೆತ್ತಿಯ ಮೇಲಿನ ಮರ, ಎಲ್ಲ. ಕೊನೆಗೆ, "ಚಳಿ ಜೋರಿದ್ದು ಸರ್, ಸ್ವೆಟರ್ ತಕಂಡು ಬನ್ನಿ."

ನಾವು ಐದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನನ್ನ ಬಿಟ್ಟು ಉಳಿದ ನಾಲ್ವರಲ್ಲಿ ಯಾರು ಹೋದರೋ, ಯಾರಿಗೆ ಹೇಳಿದರೋ — ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಮೂರನೆಯ ದಿನ ಕ್ಯಾಮೆರಾ ಕಟ್ಟಲು ನಿಮ್ಮ, ಸರ್ ಜೊತೆ ಹೋದಾಗ ಗವಿಯ ಬಾಯಲ್ಲಿ ಹೊಗೆ ಹಾಕಿದ ಸೊಪ್ಪು, ಬಿಸ್ಕತ್ತಿನ ಕವರು. ತಾಯಿ ಇಲ್ಲ. ಒಳಗೆ ಎರಡು ಮರಿ, ಸರಿಯಾಗಿ ಕಣ್ಣು ಕೂಡ ಬಿಟ್ಟಿರಲಿಲ್ಲ — ತಣ್ಣಗಾಗಿದ್ದವು.

"ಯಾರಿಗ್ ಹೇಳಿದ್ರಿ?" ಸರ್ ಕೇಳಿದರು.

"ನಿಮಗೇ ಹೇಳಿದ್ದು. ಫೋನಲ್ಲಿ."

"ನಾ ಯಾವಾಗ ಫೋನ್ ಮಾಡೇನ್ರೀ? ಸುಳ್ಳರೆ ಹೇಳಬ್ಯಾಡ್ರಿ."

ಸರ್ ಮೋಸ ಮಾಡಿದರೆಂದು ನೀವು, ನೀವು ಮೋಸ ಮಾಡಿದಿರೆಂದು ಸರ್. ವರ್ಷಗಟ್ಟಲೆ ಒಂದೇ ಬುತ್ತಿ ಉಂಡವರು ಬೇರೆ ಬೇರೆ ದಾರಿ ಹಿಡಿದು ಗುಡ್ಡ ಇಳಿದಿರಿ. ಇಳಿಯುವ ಮೊದಲು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಿರಿ:

"ಮಾಣೀ, ಇದು ನಿನ್ನ ಕಿತಾಪತಿ ಅಲ್ಲ ಅಲ್ದಾ?"

"ಆನು ಎಂತೂ ಮಾಡಿದ್ನಿಲ್ಲೆ ಗಣಪಣ್ಣ."

ನಂಬಿದಿರಿ. ಬೆನ್ನು ತಟ್ಟಿ ಹೋದಿರಿ. ಆ ತಟ್ಟಿದ್ದು —

ನಿಮ್ಮ ಜಾಗಕ್ಕೆ ಸರ್ ನನ್ನನ್ನೇ ಹಾಕಿಕೊಂಡರು. ಮರಿ ಗವಿಗಳ ಗುಟ್ಟು ನನ್ನ ಬಾಯಿಗೇ ಬಂತು. ನೀವು ಈಗ ಯಾರ ಫೋನನ್ನೂ ಎತ್ತುವುದಿಲ್ಲವಂತೆ. ಮುಖ ಕಾಣದ ಮಾತು ಬೇಡ ಅನ್ನುತ್ತೀರಂತೆ.

ಇವತ್ತು ಬೆಳಿಗ್ಗೆ ಸರ್ ಎದುರು ನಿಂತು ಎಲ್ಲ ಹೇಳಿದೆ. "ಗಣಪಣ್ಣಗ ಹೇಳಿಯೇನು?" ಎಂದಷ್ಟೇ ಕೇಳಿದರು. ಕ್ಯಾಮೆರಾ ಚೀಲ ಅಲ್ಲೇ ಇಟ್ಟು ಬಂದೆ.

ಈ ಕಾಗದ ಓದಿದ ಮೇಲಿನ ಭಾನುವಾರ ನಿಮ್ಮ ಅಂಗಳದ ಆಚೆ ಬಂದು ನಿಲ್ಲುತ್ತೇನೆ. ನೀವು ಹೊರಗೆ ಬರದಿದ್ದರೆ ಹಾಗೇ ವಾಪಸು ಹೋಗುತ್ತೇನೆ. ಕೂಗಿ ಕರೆಯುವುದಿಲ್ಲ. ನನ್ನ ದನಿ ನಂಬಿ ನೀವು ಇನ್ನೊಮ್ಮೆ ಬಾಗಿಲು ತೆರೆಯಬೇಕಾಗಿಲ್ಲ.