ಮೂರನೇ ಕ್ರಾಸಿನ ಆರು ಚಕ್ರದ ಲಾರಿ

ಪುಟ್ಟಮಾದಪ್ಪನ ಕೈಗುಣ ದೊಡ್ಡದು ಎಂದು ಕೊಳ್ಳೇಗಾಲದ ಆ ಬಡಾವಣೆಯ ಮೂರನೇ ಕ್ರಾಸಿನವರೆಲ್ಲ ಹೇಳುತ್ತಿದ್ದರು. ಬೋರ್‌ವೆಲ್ ಬೇಕೆಂದು ಅರ್ಜಿ ಬರೆದಾಗ ಮೊದಲ ಸೈನು ಅವನದು, ನೀರು ಬಿತ್ತು. ಬೀದಿ ದೀಪದ ಅರ್ಜಿಗೂ ಅವನದೇ ಮೊದಲ ಸೈನು, ದೀಪ ಬಂತು. ಅಲ್ಲಿಂದಾಚೆಗೆ ಅದೊಂದು ಪದ್ಧತಿಯೇ ಆಗಿಹೋಯಿತು. ಬೀದಿಯ ಅರ್ಜಿ ಯಾವುದೇ ಇರಲಿ, ಮೊದಲು ಅವನ ಕೋಳಿಕಾಲಿನಂಥ ಸೈನು ಬೀಳಬೇಕು, ಆಮೇಲೆ ಮಿಕ್ಕವರದು. ಕೊಟ್ಟ ಕಾಗದವನ್ನು ಓದಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಓದಿದರೆ ತಂದವರ ಮೇಲೆ ಅನುಮಾನಪಟ್ಟಂತೆ ಎಂದು ತಿಳಿದಿದ್ದ. ಇಂಥವರನ್ನು ದೇವರು ಮೆಚ್ಚುತ್ತಾನೋ ಇಲ್ಲವೋ, ನೆರೆಹೊರೆಯವರಂತೂ ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ಹುಟ್ಟಿದ್ದು ಮಧುವನಹಳ್ಳಿಯಲ್ಲಿ. ಇನ್ನೂ ಮೀಸೆ ಮೂಡುವ ಮುಂಚೆ ಇನ್ನೊಬ್ಬರ ಲಾರಿಗೆ ಕ್ಲೀನರ್ ಆಗಿ ಸೇರಿ, ದಿಂಬಂ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗು ಹಿಡಿಯಲು ಕಲಿತು, ನಲವತ್ತು ದಾಟಿದ ಮೇಲೆ ಒಂದು ಹಳೆಯ ಆರು ಚಕ್ರದ ಲಾರಿ ಕೊಂಡ. ಆ ಹೊತ್ತಿಗೇ ಮೂರನೇ ಕ್ರಾಸಿನಲ್ಲಿ ಮೊಟ್ಟಮೊದಲ ಮನೆ ಕಟ್ಟಿದ. ಆಗ ಅಲ್ಲಿ ಬೀದಿ ಎಲ್ಲಿತ್ತು, ಬರೀ ಲಂಟಾನದ ಪೊದೆ. ಆಮೇಲೆ ಎದ್ದ ಹತ್ತೊಂಬತ್ತು ಮನೆಗಳ ಇಟ್ಟಿಗೆ, ಜಲ್ಲಿ, ಮರಳು ಬಂದದ್ದೆಲ್ಲ ಅವನ ಲಾರಿಯಲ್ಲೇ. "ಬೀದಿಯೋರ ತಾವ ಬಾಡ್ಗೆ ಏನ್ ಕೇಳದು, ಡೀಸಲ್ ಆಕ್ಸಿ ಸಾಕು" ಎನ್ನುತ್ತಿದ್ದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿಯವರ ಎರಡಂತಸ್ತಿನ ಮನೆಯ ಒಂದೊಂದು ಇಟ್ಟಿಗೆಯೂ ಆ ಲಾರಿಯಿಂದ ಇಳಿದದ್ದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮನೆಗಳೆಲ್ಲ ಎದ್ದು ನಿಂತ ಮೇಲೆ ಲಾರಿ ಅವರ ಕಣ್ಣಿಗೆ ಚುಚ್ಚತೊಡಗಿತು.

ನಿಜ ಹೇಳಬೇಕೆಂದರೆ ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಬೆಳಗಿನ ಐದಕ್ಕೇ ಅವನು ಎಂಜಿನ್ ಶುರು ಮಾಡಿದರೆ ಮಲಗಿದ್ದ ಕೂಸುಗಳು ಬೆಚ್ಚಿ ಅಳುತ್ತಿದ್ದವು. ಸ್ಕೂಲ್ ವ್ಯಾನು ತಿರುಗಿಸಲು ಜಾಗವಿರಲಿಲ್ಲ. ಒಮ್ಮೆ ರಿವರ್ಸ್ ತೆಗೆಯುವಾಗ ಮೇಷ್ಟ್ರ ಗೇಟಿನ ಕಂಬಕ್ಕೆ ತಗುಲಿ ಗ್ರಾನೈಟ್ ಒಡೆದಿತ್ತು. ಮುಖದ ಮೇಲೆ ಬೈದಿದ್ದರೆ ಪುಟ್ಟಮಾದಪ್ಪ ಕೇಳುತ್ತಿದ್ದ, ಏನಾದರೊಂದು ದಾರಿ ಹುಡುಕುತ್ತಿದ್ದ. ಆದರೆ ಯಾರೂ ಬೈಯಲಿಲ್ಲ. ಎದುರಿಗೆ ನಗುನಗುತ್ತಲೇ ಒಳಗೊಳಗೆ ಕಾಗದ ಬರೆದರು.

ಲಾರಿ ಮನೆ ಮುಂದೆಯೇ ನಿಲ್ಲಬೇಕೆನ್ನುವುದು ಅವನಿಗೆ ಹಟವಲ್ಲ. ಹೆಂಡತಿ ರಾಚಮ್ಮನಿಗೆ ಉಬ್ಬಸ. ಯಾವ ಹೊತ್ತಿಗೆ ಉಸಿರು ಕಟ್ಟುತ್ತದೋ ಹೇಳುವಂತಿರಲಿಲ್ಲ. ಎರಡು ಸಲ ಅವಳನ್ನು ಅದೇ ಲಾರಿಯಲ್ಲಿ ಕೂರಿಸಿಕೊಂಡು ಕಾಮಗೆರೆಯ ಆಸ್ಪತ್ರೆಗೆ ಓಡಿದ್ದ. ಮಕ್ಕಳಿಲ್ಲದ ಮನೆ. ಹಾಗಾಗಿ ದೂರದ ಲೋಡುಗಳನ್ನೆಲ್ಲ ಬಿಟ್ಟು, ಹನೂರು, ಯಳಂದೂರು ಎಂದು ಸುತ್ತಮುತ್ತಲೇ ಬಾಡಿಗೆ ಹೊಡೆದು ಕತ್ತಲಾಗುವ ಮುಂಚೆ ಮನೆ ಸೇರುತ್ತಿದ್ದ. ಲಾರಿಯನ್ನು ಬೇರೆ ಕಡೆ ಬಿಡೋಣವೆಂದರೆ, ಒಮ್ಮೆ ಊರಾಚೆ ಬಿಟ್ಟದ್ದಕ್ಕೆ ಬ್ಯಾಟರಿ, ಸ್ಟೆಪ್ನಿ ಎರಡೂ ಮಾಯವಾಗಿದ್ದವು. ಲಾರಿ ಹೊರಗೆ ನಿಂತರೆ ಕಾವಲಿಗೆ ಅವನೂ ಅದರಲ್ಲೇ ಮಲಗಬೇಕು. ಮನೆಯಲ್ಲಿ ರಾಚಮ್ಮ ಒಬ್ಬಳೇ ಆಗುತ್ತಾಳೆ.

ಒಂದು ಬೆಳಿಗ್ಗೆ ಮುಸುಕಿನ ಜೋಳದ ಲೋಡಿಗೆಂದು ಹನೂರಿಗೆ ಹೊರಟು ಕ್ಯಾಬಿನ್ ಹತ್ತಿದ್ದ. ಮೇಷ್ಟ್ರು ಹಾಳೆ ಹಿಡಿದು ಬಂದರು.

"ರಸ್ತೆ ವಿಚಾರ ಕಣಪ್ಪ. ಮೊದಲು ನಿನ್ನ ಸೈನೇ ಬೀಳಬೇಕು."

"ಚರಂಡಿದಾ ಮೇಷ್ಟ್ರೇ? ಕೊಡಿ ಇತ್ತಗೆ" ಎಂದು ಸ್ಟೇರಿಂಗಿನ ಮೇಲೇ ಹಾಳೆ ಇಟ್ಟು ಸೈನು ಎಳೆದ. ಮೇಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ತಿಂಗಳೊಳಗೆ ನಗರಸಭೆಯಿಂದ ನೋಟಿಸು ಬಂತು. ವಾಸದ ಬೀದಿಯಲ್ಲಿ ಭಾರಿ ವಾಹನ ನಿಲ್ಲಿಸುವಂತಿಲ್ಲ, ಏಳು ದಿನದೊಳಗೆ ತೆಗೆಯದಿದ್ದರೆ ಜಪ್ತಿ. ಪುಟ್ಟಮಾದಪ್ಪ ಅದನ್ನು ಹಿಡಿದುಕೊಂಡು ಆಫೀಸಿಗೆ ಓಡಿದ.

"ನಮ್ ಬೀದಿಯೋರು ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ ಸಾ. ಎಲ್ಲಾ ನಮ್ಮೋರೇಯ" ಎಂದ.

ಗುಮಾಸ್ತ ಶಾಂತಮೂರ್ತಿ ಫೈಲು ತೆರೆದು, ಅರ್ಜಿಯ ಮೇಲೆ ಬೆರಳಿಟ್ಟ. "ಇದು ಯಾರ ಸೈನು ಯಜಮಾನ್ರೇ?"

ಪುಟ್ಟಮಾದಪ್ಪ ಬಗ್ಗಿ ನೋಡಿದ. "ನಂದೇ ಸಾ."

"ನಿಮ್ಮ ಲಾರಿ ನಿಲ್ಲಿಸಬಾರ್ದು ಅಂತ ನೀವೇ ಮೊದಲು ಅರ್ಜಿ ಕೊಟ್ಟಿದ್ದೀರಲ್ರೀ!" ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು.

"ಗೊತ್ತಿಲ್ದೆ ಆಕ್ಬುಟ್ಟೆ ಸಾ. ಅದ ಒಡ್ದಾಕ್ಬುಡಿ."

"ಹೊಡೆದು ಹಾಕಿದ್ರೂ ರೂಲ್ಸು ಮೊದಲಿಂದಲೂ ಇರೋದೇ. ಯಾರೂ ಕೇಳಿರಲಿಲ್ಲ, ನಾವೂ ಸುಮ್ಮನಿದ್ವಿ. ಈಗ ಇಪ್ಪತ್ತು ಮನೆಯೋರು ಕೇಳವ್ರೆ."

ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ. ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಬಂದ. ಅವರು ಗಿಡಕ್ಕೆ ನೀರು ಬಿಡುತ್ತಿದ್ದರು. ಕೈಯಲ್ಲಿದ್ದ ಪೈಪನ್ನು ಕೆಳಗಿಡಲಿಲ್ಲ.

"ಅದ್ರಲ್ಲಿ ಏನೈತೆ ಅಂತ ಒಂದ್ ಮಾತು ಏಳ್ನಿಲ್ವಲ್ಲ ಮೇಷ್ಟ್ರೇ?"

"ನೀನು ಓದಲಿಲ್ಲವಲ್ಲಪ್ಪ. ಕಾನೂನು ಎಲ್ಲರಿಗೂ ಒಂದೇ."

"ರಾಚಮ್ಮನ ಸ್ಥಿತಿ ನಿಮ್ಗೆ ಗೊತ್ತು. ನಾ ಲಾರಿ ತಾವ ಮನಿಕ್ಕಂಡ್ರೆ ಅವಳ ಗತಿ?"

"ಪಕ್ಕದಲ್ಲಿ ನಾವಿಲ್ಲವೇ? ಏನಾದರೂ ಆದರೆ ಒಂದು ಕೂಗು ಹಾಕಲಿ" ಎಂದು ಮೇಷ್ಟ್ರು ದಾಸವಾಳದ ಬುಡಕ್ಕೆ ನೀರು ತಿರುಗಿಸಿದರು. ಎಂಥ ದೊಡ್ಡ ಮನಸ್ಸು ನೋಡಿ.

ಪುಟ್ಟಮಾದಪ್ಪ ಮನೆಗೆ ಬಂದು, ಬೀದಿಯವರೆಲ್ಲ ಸೇರಿ ಸೈನು ಹಾಕಿದ್ದಾರೆ ಎಂದಷ್ಟೇ ಹೆಂಡತಿಗೆ ಹೇಳಿದ. ಮೊದಲನೆಯದು ಯಾರದೆಂದು ಹೇಳಲು ನಾಚಿಕೆ ಬಿಡಲಿಲ್ಲ. ಏಳನೇ ದಿನ ಲಾರಿಯನ್ನು ಮಧುವನಹಳ್ಳಿ ರಸ್ತೆಯ ಬಯಲಿಗೆ ಒಯ್ದು ನಿಲ್ಲಿಸಿದ. ಸಂಜೆ ಉಂಡು ಅಲ್ಲಿಗೆ ಹೋಗುವುದು, ಬೆಳಕು ಹರಿದ ಮೇಲೆ ಮನೆಗೆ ಬರುವುದು.

ಲಾರಿ ಬಯಲು ಸೇರಿದ ಐದನೇ ದಿನ ಬೆಳಿಗ್ಗೆ ಬಂದಾಗ ರಾಚಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಉಬ್ಬಸಕ್ಕೆ ಎಳೆದುಕೊಳ್ಳುವ ಪಂಪು ಖಾಲಿಯಾಗಿ ಪಕ್ಕದಲ್ಲಿ ಬಿದ್ದಿತ್ತು. ಆಪತ್ತಿಗೆಂದು ಸದಾ ತನ್ನ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ ಇನ್ನೊಂದು ಪಂಪನ್ನು ತೆಗೆದು ಎಳೆಸಿ, ಬಿಸಿನೀರು ಕುಡಿಸಿ, ಬೆನ್ನು ತಿಕ್ಕುತ್ತ ಕೂತ. ಬಹಳ ಹೊತ್ತಿಗೆ ಉಸಿರು ದಾರಿಗೆ ಬಂತು.

"ಒಂದ್ ಕೂಗ್ ಆಕ್ಬಾರ್ದಾಗಿತ್ತಾ? ಪಕ್ದಲ್ಲೇ ಮೇಷ್ಟ್ರ ಮನೆ!" ಎಂದು ಗದರಿದ.

"ಸೈನು ಆಕ್ದೋರ ಮನೆ ಮುಂದೆ ನಾ ಕೂಗನಾ? ಸತ್ರೂ ಕೂಗಾಕಿಲ್ಲ." ಅವಳು ನಿಂತು ನಿಂತು ಮಾತಾಡಿದಳು. "ಒಬ್ಬ ಆಕುದ್ರೆ ತಾನೇ ಮಿಕ್ಕೋರು ಆಕದು? ಆ ಕಾಗ್ದಕ್ಕೆ ಮೊದ್ಲು ಸೈನು ಆಕ್ದೋನ್ ಕೈ ಸೇದೋಗ" ಎಂದು ಶಾಪ ಹಾಕಿದಳು.

ಪುಟ್ಟಮಾದಪ್ಪ ಅವಳ ಬೆನ್ನಿನಿಂದ ಕೈ ತೆಗೆದ.

"ಯಾಕ್ ಬುಟ್ರಿ? ತಿಕ್ಕಿ, ಒಸಿ ಅಗುರಾಯ್ತದೆ" ಎಂದಳು.

ಅವನು ಮತ್ತೆ ಕೈಯಿಟ್ಟು ತಿಕ್ಕತೊಡಗಿದ. "ಲಾರಿ ಮಾರ್ಬುಡ್ತೀನಿ ಕಣಮ್ಮಿ" ಎಂದ.